ಹುನಗುಂದ ದಾಟಲಿ

ಫೆಬ್ರುವರಿ 3, ಮಂಗಳವಾರ

...ಹೆಸರುಗಳು ಮೊದಲು ಹೋಗುತ್ತವೆ ಎಂದಳೋ, ಕೊನೆಗೆ ಬರುತ್ತವೆ ಎಂದಳೋ. ಎರಡೂ ಒಂದೇ ಅಲ್ಲ. ಗಾಡಿಯಿಂದ ಇಳಿಯುವಾಗಲೂ ನೆನಪು ಮಾಡಿಕೊಳ್ಳಲು ನೋಡಿದೆ. ಮಾತು ಕಲಿಸುವ ಗೀತಾಂಜಲಿ ಮೈಸೂರಿನ ಕಡೆಯ ಹುಡುಗಿ. ದನಿ ಮೆತ್ತಗೆ, ಮಾತು ಪುಸ್ತಕದಂತೆ. ದವಾಖಾನೆಯ ಆ ಸಣ್ಣ ಕೋಣೆಯಲ್ಲಿ ಆಕೆ ಹೇಳುವುದೆಲ್ಲ ಸರಿ ಎನಿಸುತ್ತದೆ. ಹೊರಗೆ ಬಿಸಿಲಿಗೆ ಬಂದರೆ ಒಂದು ವಾಕ್ಯವೂ ಇಡಿಯಾಗಿ ಉಳಿದಿರುವುದಿಲ್ಲ.

ಯಾವ ದಿನ ಯಾವ ಮಾತು ಬಂತು ಬರೆದಿಡಿ ಎಂದಿದ್ದಾಳೆ. ಅದಕ್ಕಾಗಿ ಕೂತೆ. ಬಂದದ್ದಕ್ಕಿಂತ ಬರದದ್ದೇ ಹೆಚ್ಚು.

ಡಿಸೆಂಬರಿನಲ್ಲಿ ಲಕ್ವಾ ಹೊಡೆದಾಗ ನನ್ನ ಹೆಂಡತಿ ಸುನಂದಾಳ ಬಲಗೈ, ಮಾತು ಎರಡೂ ಒಟ್ಟಿಗೆ ಹೋದವು. ಕೈ ಈಗ ಲೋಟದವರೆಗೆ ಬರುತ್ತದೆ. ಮಾತಿನಲ್ಲಿ ಉಳಿದದ್ದು ಒಂದೇ: "ಹುನಗುಂದ ದಾಟ್ಲಿ." ನೀರು ಬೇಕೇ ಎಂದರೂ ಅದೇ, ಫ್ಯಾನು ಹಾಕಲೇ ಎಂದರೂ ಅದೇ.

"ಹುನಗುಂದ ಇವರ ತವರೂರಾ ಸರ್? ಅಲ್ಲಿಗೆ ಹೋಗ್ಬೇಕು ಅಂತಿದಾರಾ?" ಎಂದು ಗೀತಾಂಜಲಿ ಕೇಳಿದಳು.

ವಿವರಿಸಬೇಕಾಯಿತು. ವಿವರಿಸಲು ಹೊರಟರೆ ಮನೆಮಾತುಗಳೆಲ್ಲ ಪೆದ್ದಾಗಿ ಕಾಣುತ್ತವೆ. ತವರು ಇಲಕಲ್ಲು. ನನ್ನ ಮಾವ ರಾಚಯ್ಯನವರು, ಈಗ ಇಲ್ಲ, ಮಕ್ಕಳನ್ನು ಕರೆದುಕೊಂಡು ಬಾಗಲಕೋಟೆಯ ಬಸ್ಸು ಹತ್ತಿದರೆ ಸೀಟು ಸಿಕ್ಕ ಕೂಡಲೇ ಮಕ್ಕಳು ರೊಟ್ಟಿ ಗಂಟಿಗೆ ಕೈ ಹಾಕುತ್ತಿದ್ದರಂತೆ. "ಹುನಗುಂದ ದಾಟ್ಲಿ. ಅಲ್ಲೀತನಕ ನಾವಿನ್ನೂ ಇಲಕಲ್ಲಾಗ ಇದ್ದಂಗ" ಎನ್ನುತ್ತಿದ್ದರಂತೆ ಮಾವ. ಹುನಗುಂದ ಅಲ್ಲಿಂದ ಅರ್ಧ ತಾಸೂ ಅಲ್ಲ. ಆಮೇಲೆ ಆ ಮಾತು ಬಸ್ಸಿನಿಂದ ಇಳಿದು ಮನೆಗೆ ಬಂತು. ಪರೀಕ್ಷೆಯ ಫಲಿತಾಂಶ, ಹೆಣ್ಣು ನೋಡಿ ಹೋದವರ ಉತ್ತರ, ಹೊಸ ಫ್ರಿಜ್ಜು, ಎಲ್ಲವೂ ಹುನಗುಂದ ದಾಟಬೇಕು. ಸುನಂದಾ ಮದುವೆಯಾಗಿ ಬರುವಾಗ ಸೀರೆಗಳ ಜೊತೆ ಅದನ್ನೂ ತಂದಳು.

ಗೀತಾಂಜಲಿ ನಕ್ಕಳು. ಚಿತ್ರಗಳನ್ನು ಹರಡಿದಳು. ಬಟ್ಟಲು, ಕೀಲಿ, ಕೊಡೆ, ಆಕಳು. ಕೀಲಿ ಎಲ್ಲಿ ಎಂದರೆ ಸುನಂದಾ ಬೆರಳಿಟ್ಟಳು. ಆಕಳಿಗೆ "ಆ" ಎಂದು ಅರ್ಧ ಅಂದಳು. ಕೊನೆಗೆ ನನ್ನನ್ನು ತೋರಿಸಿ, "ಇವರು ಯಾರಮ್ಮಾ? ಹೆಸರು ಹೇಳಿ ನೋಡೋಣ."

ಸುನಂದಾ ನನ್ನ ಕಡೆ ನೋಡಿದಳು. ಕಣ್ಣು ಕೆಳಗೆ ಹಾಕಿದಳು. ತುಟಿ ಬಿಗಿದುಕೊಂಡಳು.

"ಹೋಗ್ಲಿ, ಶ್ರೀಶೈಲ ಅಂದ್ರೆ ಯಾರು, ತೋರಿಸಿ."

ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು. ಗೋಡೆಯ ಕಡೆ ತಿರುಗಿ, ಹುನಗುಂದ ದಾಟ್ಲಿ ಎಂದಳು.

"ಮನೇಲಿ ನಿಮ್ಮನ್ನ ಹೆಸರು ಹಿಡಿದೇ ಕರೀತಾರಲ್ವಾ ಸರ್? ಕೆಲವರು ಕರೆಯೋದಿಲ್ಲ, ಅದಕ್ಕೆ ಕೇಳ್ದೆ."

"ಕರೀತಾಳ. ನಮ್ಮಲ್ಲಿ ಅಂಥ ಕಟ್ಟುಪಾಡ ಏನಿಲ್ಲ." ಮದುವೆಯಾದ ವಾರದಲ್ಲೇ ಹೇಳಿದ್ದೆ, ಹೆಸರಿನಿಂದಲೇ ಕರಿ, ನಾವು ಹಳೇ ಕಾಲದವರಲ್ಲ ಎಂದು. ಹೂಂ ಎಂದಿದ್ದಳು.

"ಹಾಗಾದ್ರೆ ಗುರುತು ಸ್ವಲ್ಪ..." ಎಂದು ಗೀತಾಂಜಲಿ ಅಲ್ಲಿಗೇ ನಿಲ್ಲಿಸಿದಳು. ಆಮೇಲೆ ಹೆಸರುಗಳ ವಿಷಯ ಏನೋ ಹೇಳಿದಳು. ಮೊದಲು ಹೋಗುತ್ತವೆ ಎಂದೋ, ಕೊನೆಗೆ ಬರುತ್ತವೆ ಎಂದೋ.

ಕೀಲಿ ಗುರುತಿದೆ. ಕೊಡೆ ಗುರುತಿದೆ.

ಫೆಬ್ರುವರಿ 4, ಬುಧವಾರ

ಆಫೀಸು. ಮುಳುಗಡೆಯಾದ ಊರಿನ ಬದಲು ಕಟ್ಟಿದ ಈ ನವನಗರದ ನಕ್ಷೆಗಳನ್ನು ತಿದ್ದುವುದು ನನ್ನ ಕೆಲಸ. ಇಲ್ಲಿ ಓಣಿಗಳಿಗೆ ಹೆಸರಿಲ್ಲ, ಸೆಕ್ಟರ್ ನಂಬರು. ಜನ ಬೈಯುತ್ತಾರೆ. ನನಗೆ ಇಷ್ಟ. ನಂಬರು ಮರೆತರೆ ಯಾರಿಗೂ ನೋವಾಗುವುದಿಲ್ಲ.

ಫೆಬ್ರುವರಿ 9, ಸೋಮವಾರ

ಗ್ಯಾಸ್ ಮುಗಿಯಿತು. ಮುಗೀತು ಎಂದು ಬಾಯಿಬಿಟ್ಟದ್ದಕ್ಕೆ ಪಕ್ಕದ ಮನೆಯ ಬಿಬಿಜಾನ ನಾಲಿಗೆ ಕಚ್ಚಿಕೊಂಡಳು.

"ಹಂಗ ಅನಬಾರ್ದ್ರಿ ಸಾಹೇಬ್ರ. ಹೆಚ್ಚಾತು ಅನಬೇಕು."

ಇಲ್ಲದ್ದನ್ನು ಇಲ್ಲ ಎನ್ನದ ಜನ. ಉಪ್ಪು ತೀರಿದರೆ ಹೆಚ್ಚಾಗುತ್ತದೆ. ಬಳೆ ಒಡೆದರೂ ಹೆಚ್ಚಾಗುತ್ತದೆ. ದೀಪವನ್ನು ಆರಿಸುವುದಿಲ್ಲ, ಶಾಂತ ಮಾಡುತ್ತಾರೆ. ಎದ್ದು ಹೋಗುವವರು ಬರ್ತೇನಿ ಎನ್ನುತ್ತಾರೆ. ಸುನಂದಾಳೂ ಹೀಗೇ. ಒಡೆದ ಕನ್ನಡಿಗೆ ಬಟ್ಟೆ ಮುಚ್ಚಿದ ಹಾಗೆ ಎಂದು ನಾನು ತಮಾಷೆ ಮಾಡುತ್ತಿದ್ದೆ. ಬಿಬಿಜಾನ ತನ್ನ ಮನೆಯ ರೊಟ್ಟಿಯ ಜೊತೆ ನಮ್ಮದನ್ನೂ ಬಡಿಯುತ್ತಾಳೆ, ಬೇಡ ಎಂದರೂ ಕೇಳುವುದಿಲ್ಲ. ಅವಳ ಗಂಡ ರಮಜಾನ ತನ್ನ ಓಮ್ನಿ ಗಾಡಿಯಲ್ಲಿ ನಮ್ಮನ್ನು ದವಾಖಾನೆಗೆ ಕರೆದೊಯ್ಯುತ್ತಾನೆ.

ಬೆಳಿಗ್ಗೆ ಚಹಾ ಆದ ಮೇಲೆ ಸುನಂದಾಳ ಎದುರು ಕುರ್ಚಿ ಹಾಕಿಕೊಂಡು ಕೂರುತ್ತೇನೆ. ಶ್ರೀ. ಶೈ. ಲ. ನನ್ನ ಹೆಸರನ್ನು ನಾನೇ ಇಷ್ಟು ಸಲ ಉಚ್ಚರಿಸಿದ್ದು ಇದೇ ಮೊದಲು. ಹತ್ತು ಸಲದ ನಂತರ ಅದು ಯಾವುದೋ ಔಷಧಿಯ ಹೆಸರಿನಂತೆ ಕೇಳುತ್ತದೆ. ಒತ್ತಕ್ಷರ ಕಷ್ಟವಾಗಬಹುದೆಂದು ಬರೀ ಶೈಲ ಎಂದೂ ನೋಡಿದೆ. ಅವಳು ಕಿಟಕಿಯ ಹೊರಗೆ ನೋಡುತ್ತಾಳೆ. ಒತ್ತಾಯಿಸಿದರೆ ಕೈ ಅಡ್ಡ ಮಾಡುತ್ತಾಳೆ.

ಬಂದ ಮಾತು: ಚಾ. ಸಾಕ. ಬ್ಯಾಡ. ಅವ್ವ.

ಫೆಬ್ರುವರಿ 15, ಭಾನುವಾರ

ಇಲಕಲ್ಲಿನಿಂದ ಅತ್ತೆ ಸಾವಿತ್ರೆವ್ವ ಫೋನು ಮಾಡಿದರು. ಅವರದೂ ಒಂದು ಮನೆಮಾತಿದೆ. ಎಂಥ ಸುದ್ದಿಯೇ ಇರಲಿ, ಕೇಳುವ ಮೊದಲು, ಹೇಳುವ ಮೊದಲು, "ರೊಟ್ಟಿ ತಿಂದ್ರೇನು?" ಡಿಸೆಂಬರಿನಲ್ಲಿ ನಾನು ಆಸ್ಪತ್ರೆಯ ಮೆಟ್ಟಿಲ ಮೇಲೆ ನಿಂತು ವಿಷಯ ಹೇಳಿದೆ. ಆ ಕಡೆಯಿಂದ ಬಂದದ್ದು ಅದೇ ಪ್ರಶ್ನೆ. ಅವತ್ತು ನನಗೆ ಸಿಟ್ಟು ಬಂದಿತ್ತು.

ಇವತ್ತು ಶಿವರಾತ್ರಿ, ಉಪವಾಸ. "ರೊಟ್ಟಿ ಅನ್ನಾಂಗಿಲ್ಲ ನೋಡ್ರಿ ಇವತ್ತ. ಒಂದ ಬಾಳಿಹಣ್ಣರ ತಿಂದ್ರ್ಯೋ ಇಲ್ಲೊ?"

"ತಿಂದೇನ್ರಿ."

"ಆಕೀನ್ನ ಇಲ್ಲಿ ಕಳಸ್ರಿ. ಉಗಾದಿ ಆದಮ್ಯಾಲ ನಾನ ಬಂದ ಕರ್ಕೊಂಡ ಹೋಗ್ತೇನಿ. ನೀವ ಆಫೀಸಿಗೆ ಹೋದಿಂದ ಗ್ವಾಡಿ ನೋಡ್ಕೊಂತ ಕುಂದ್ರತಾಳ. ಇಲ್ಲಿ ಮನಿ ತುಂಬ ಮಂದಿ ಅದಾರ. ಸಂಗಮೇಶನ ಕೂಸಿನ ತೊಟ್ಟಲಾನೂ ಐತಿ, ಸ್ವಾದರತ್ತಿ ಇಲ್ದ ಹೆಸರ ಹ್ಯಾಂಗ ಇಡೂದು?"

ಸಂಗಮೇಶ ಸುನಂದಾಳ ತಮ್ಮ. ಯೋಚಿಸಿ ಹೇಳುತ್ತೇನೆ ಎಂದೆ.

ಯೋಚಿಸಿದೆ. ನನ್ನ ಗುರುತು ಇದ್ದರೆ ಒಂದು ಮಾತು, ಅವಳು ಇಲ್ಲೇ ಇರಬೇಕು. ಇಲ್ಲದಿದ್ದರೆ ನಾನು ಉಣಿಸಿದರೂ ಒಂದೇ, ಅವರ ಸೊಸೆ ಉಣಿಸಿದರೂ ಒಂದೇ. ಕೈ ಯಾರದಾದರೇನು. ಆದ್ದರಿಂದ ತಿಳಿಯಬೇಕಾದ್ದು ಅಷ್ಟೇ. ಗುರುತಿದೆಯೋ, ಇಲ್ಲವೋ.

ಫೆಬ್ರುವರಿ 17, ಮಂಗಳವಾರ

ಹೊಸ ಮಾತು ಇಲ್ಲ. ಹುನಗುಂದ, ಬೆಳಿಗ್ಗೆಯಿಂದ ಸಂಜೆಯವರೆಗೆ.

ಫೆಬ್ರುವರಿ 22, ಭಾನುವಾರ

ಪರಿಚಯದ ಜಾಗಗಳಿಗೆ ಕರೆದುಕೊಂಡು ಹೋಗಿ ಎಂದು ಗೀತಾಂಜಲಿ ಹೇಳಿದ್ದಳು. ಮದುವೆಯಾದ ಹೊಸದರಲ್ಲಿ ನಾವು ಹೋದದ್ದು ಬಾದಾಮಿಗೆ. ರಮಜಾನನ ಗಾಡಿಯಲ್ಲಿ ಹೋದೆವು. ಅವನದು ರೋಜಾ, ನೀರೂ ಇಲ್ಲ. ದಾರಿಯುದ್ದಕ್ಕೂ ಗಂಟಲು ಸರಿಮಾಡಿಕೊಳ್ಳುತ್ತಿದ್ದ, ಆದರೂ ಮಾತು ನಿಲ್ಲಿಸಲಿಲ್ಲ.

ಗುಹೆಗಳ ಮೆಟ್ಟಿಲು ಅವಳಿಂದ ಸಾಧ್ಯವಿರಲಿಲ್ಲ. ಕೆಳಗೆ ಕಟ್ಟೆಯ ಮೇಲೆ ಕೂರಿಸಿದೆ. "ನಾವು ಇಲ್ಲಿಗೆ ಬಂದಿದ್ವಿ, ನೆನಪೈತಿ?" ಎಂದೆ. ಕೆಂಪು ಬಂಡೆಯನ್ನು ನೋಡುತ್ತಿದ್ದಳು. "ಯಾರ ಜೋಡಿ ಬಂದಿದ್ದಿ?" ಅದಕ್ಕೂ ಬಂಡೆಯನ್ನೇ ನೋಡಿದಳು. ಅಷ್ಟರಲ್ಲಿ ಒಂದು ದೊಡ್ಡ ಕೋತಿ ನನ್ನ ಹಿಂದಿನಿಂದ ಬಂದು ಬಾಳೆಹಣ್ಣಿನ ಚೀಲಕ್ಕೆ ಕೈ ಹಾಕಿತು.

"ಏ ಮಂಗ್ಯಾ!"

ಸ್ಪಷ್ಟ. ಜೋರು. ಆ ಕಡೆಯ ಪ್ರವಾಸಿಗಳೂ ತಿರುಗಿ ನೋಡಿದರು.

"ಅಕ್ಕಾರ ಮಾತಾಡಿದ್ರು! ಸರ, ಕೇಳಿದ್ರೇನ್ರಿ?" ರಮಜಾನ ಓಡಿ ಬಂದ. "ನೂರಕ್ಕ ನೂರ ಬರೋಬ್ಬರಿ ಅಂದ್ರು ನೋಡ್ರಿ!"

ಕೇಳಿದೆ. ಮಂಗನ ಹೆಸರು ಬಂತು. ಚೀಲವೂ ಉಳಿಯಿತು.

ಬರುವಾಗ ಚೊಳಚಗುಡ್ಡದಲ್ಲಿ ಬನಶಂಕರಿಯ ಹೊಂಡದ ಹತ್ತಿರ ಇಳಿದೆವು. ಬುಟ್ಟಿ ಹೊತ್ತ ಹೆಂಗಸೊಬ್ಬಳು ನಮ್ಮೆದುರೇ ಬುಟ್ಟಿ ಇಳಿಸಿ ರೊಟ್ಟಿ, ಕೆಂಪು ಚಟ್ನಿ, ಗಡಿಗೆಯ ಮೊಸರು ಬಡಿಸಿದಳು. ರಮಜಾನ ಬೆನ್ನು ಮಾಡಿ ದೂರ ಕೂತ. ಸುನಂದಾ ಎಡಗೈಯಿಂದ ರೊಟ್ಟಿ ಮುರಿದು ಮೊದಲ ಚೂರನ್ನು ನನ್ನ ತಟ್ಟೆಯ ಕಡೆ ತಳ್ಳಿದಳು, ನಾನು ತಿನ್ನುವವರೆಗೆ ತಾನು ಬಾಯಿಗೆ ಇಡಲಿಲ್ಲ. ಎಡಗೈಯ ಹಿಡಿತ ಸುಧಾರಿಸಿದೆ ಎಂದು ಗೀತಾಂಜಲಿಗೆ ಹೇಳಬೇಕು.

ಬಂದ ಮಾತು: ಮಂಗ್ಯಾ.

ಫೆಬ್ರುವರಿ 26, ಗುರುವಾರ

ಬಿಬಿಜಾನ ಬಂದಳು. "ರೋಜಾ ತಿಂಗಳ ಅಲ್ರಿ ಸಾಹೇಬ್ರ, ಸಂಜಿಕ ನಮ್ಮಲ್ಲಿ ಗದ್ದಲ. ನಿಮ್ಮ ರೊಟ್ಟಿ ಮೂರಕ್ಕ ತಂದಿಡ್ತೇನಿ."

ಅವಳು ಯಾವಾಗಲೂ ರೋಜಾ ತಿಂಗಳು ಎನ್ನುವುದು ಇವತ್ತು ಕಿವಿಗೆ ಬಿತ್ತು. "ಎಲ್ಲಾರೂ ರಮಜಾನ್ ತಿಂಗಳ ಅಂತಾರ, ನೀ ಒಬ್ಬಾಕೀನ ಹಿಂಗ್ಯಾಕ ಅಂತಿ?" ಎಂದೆ.

ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. "ಅಯ್ಯ, ನಮ್ಮ ಗಾಡಿಯವ್ರ ಹೆಸರಲ್ರಿ ಅದು! ನಾ ಹ್ಯಾಂಗ ಅನ್ಲಿ? ಹ್ವಾದ ವರ್ಷ ಬ್ಯಾಂಕಿನ್ಯಾಗ ಕೇಳಿದ್ರು, ಯಜಮಾನ್ರ ಹೆಸರೇನಂತ. ರೋಜಾ ಯಾವ ತಿಂಗಳ ಹಿಡೀತಾರ ಅದ ನೋಡ್ರಿ ಅಂದ್ನಿ."

ಮಂಚದ ಮೇಲಿನಿಂದ ನಗೆ ಕೇಳಿತು. ಡಿಸೆಂಬರಿನ ನಂತರ ಮೊದಲ ಸಲ ಸದ್ದಿನ ನಗೆ. ಸುನಂದಾ ಬಿಬಿಜಾನಳನ್ನು ನೋಡಿದಳು, ಬಿಬಿಜಾನ ಅವಳನ್ನು. ಆಮೇಲೆ ಇಬ್ಬರೂ ನನ್ನನ್ನು ನೋಡಿ ಮತ್ತೆ ನಕ್ಕರು. ಅಷ್ಟು ನಗುವಂಥದ್ದು ಏನಿತ್ತೋ ತಿಳಿಯಲಿಲ್ಲ. ಬಲಗಡೆಯ ತುಟಿಯೂ ಸ್ವಲ್ಪ ಮೇಲೆ ಎದ್ದದ್ದು ಕಂಡಿತು.

ಮಾರ್ಚ್ 1, ಭಾನುವಾರ

ಹೆಸರಿನ ಪಾಠ ನಿಲ್ಲಿಸಿದೆ. ಕುರ್ಚಿ ಮೊದಲಿನ ಜಾಗದಲ್ಲಿಟ್ಟೆ. ಉಗಾದಿ ಆದ ಮೇಲೆ ಬನ್ನಿ ಎಂದು ಸಾವಿತ್ರೆವ್ವನವರಿಗೆ ಹೇಳಿದೆ.

"ರೊಟ್ಟಿ ತಿಂದ್ರೇನು?" ಎಂದರು.

ಮಾರ್ಚ್ 6, ಶುಕ್ರವಾರ

ಬಣ್ಣದಾಟ ಮುಗಿದರೂ ರಸ್ತೆ ಇನ್ನೂ ಗುಲಾಬಿ. ದಿನಗಟ್ಟಲೆ ಬಡಿದ ಹಲಗೆ ನಿಂತ ಮೇಲೆ ಕಿವಿ ಟೊಳ್ಳಾಗಿದೆ. ರಜೆ ಹಾಕಿ ಮನೆಯಲ್ಲಿದ್ದೆ. ಸುನಂದಾಳನ್ನು ಕಿಟಕಿಯ ಹತ್ತಿರ ಕೂರಿಸಿ ತಲೆ ಬಾಚುತ್ತಿದ್ದೆ. ಜಡೆ ಹೆಣೆಯುವುದು ನನಗೆ ಇನ್ನೂ ಸರಿಯಾಗಿ ಬರುವುದಿಲ್ಲ.

ರಸ್ತೆಯಲ್ಲಿ ಪಾದಯಾತ್ರಿಗಳು ಬಂದರು. ಪ್ರತಿವರ್ಷ ಉಗಾದಿಗೆ ಮುಂಚೆ ಪಡುವಣದ ಹಳ್ಳಿಗಳಿಂದ ಹೊರಟು ಹೀಗೆ ಹಾಯ್ದು ಹೋಗುತ್ತಾರೆ. ಹೆಗಲಿಗೆ ಚೀಲ, ಕಾಲಿಗೆ ಸುತ್ತಿದ ಬಟ್ಟೆ. ಒಬ್ಬ ಮರಗಾಲು ಕಟ್ಟಿಕೊಂಡು ನಡೆಯುತ್ತಿದ್ದ, ಅವನ ತಲೆ ನಮ್ಮ ಕಿಟಕಿಯ ಮಟ್ಟಕ್ಕೆ ಬಂತು.

"ಮಲ್ಲಯ್ಯ," ಎಂದಳು. ಬಾಚಣಿಗೆ ನಿಲ್ಲಿಸಿದೆ. ಬಾಯಿ ಇನ್ನೂ ಏನನ್ನೋ ಹುಡುಕುತ್ತಿತ್ತು. "ಮಲ್ಲಯ್ಯನ ಕಡೆ."

ಎರಡು ಪದ ಜೋಡಿಯಾಗಿ ಬಂದದ್ದು ಇದೇ ಮೊದಲು, ಹುನಗುಂದ ಬಿಟ್ಟರೆ. ಮಾತು ನಿಲ್ಲದಿರಲೆಂದು ಕೇಳಿದೆ: "ಯಾವ ಊರಿಗೆ ಹೊಂಟಾರ?"

"ಗುಡ್ಡಕ್ಕ."

"ಯಾವ ಗುಡ್ಡ?"

ತಿರುಗಿ ನೋಡಿದಳು. ಗೊತ್ತಿದ್ದೂ ಕೇಳುವವನನ್ನು ನೋಡುವ ನೋಟ. "ಮಲ್ಲಯ್ಯನ... ಗುಡ್ಡ." ದಣಿದು ಕಣ್ಣು ಮುಚ್ಚಿದಳು.

ಶ್ರೀಶೈಲ. ಹಾದಿಯಲ್ಲಿ ಹೋಗುವ ಪ್ರತಿಯೊಬ್ಬನ ಬಾಯಲ್ಲಿರುವ ಪದ, ಅವರ ಚೀಲಗಳ ಮೇಲೂ ಬರೆದಿತ್ತು. ಹತ್ತು ಹದಿನೈದು ಪದ ಮಾತ್ರ ಇರುವವಳು ಒಂದನ್ನು ಬಿಡಲಿಕ್ಕೆ ಮೂರು ಪದ ಕೊಟ್ಟಳು. ಸುತ್ತು ಹಾಕಿ ಹೋಗಬೇಕಾದರೆ ನಡುವೆ ಏನಿದೆ ಎಂದು ಗೊತ್ತಿರಬೇಕು.

ಜಡೆ ಅರ್ಧಕ್ಕೇ ಉಳಿಯಿತು.

ಮಧ್ಯಾಹ್ನವೆಲ್ಲ ನೆನಪು ಮಾಡಿಕೊಂಡೆ. ಅವಳ ಬಾಯಲ್ಲಿ ನನ್ನ ಹೆಸರು ಕೇಳಿದ ಒಂದು ಸಂದರ್ಭ. ಸಂತೆಯಲ್ಲಿ, ಬಸ್‌ಸ್ಟ್ಯಾಂಡಿನಲ್ಲಿ, ತವರಿನ ಫೋನಿನಲ್ಲಿ. ಬೇರೆಯವರ ಮುಂದೆ ನಾನು "ನಮ್ಮನಿಯವ್ರು". ನನ್ನ ಮುಂದೆ ನಾನು "ಇಲ್ನೋಡ್ರಿ". ಅಡಿಗೆಮನೆಯಿಂದ ಇಲ್ನೋಡ್ರಿ, ಮಹಡಿಯಿಂದ ಇಲ್ನೋಡ್ರಿ. ಮಕ್ಕಳಾಗಿದ್ದರೆ ಇಂಥವರ ಅಪ್ಪ ಎಂದಾದರೂ ಆಗುತ್ತಿದ್ದೆ, ಆಗಲಿಲ್ಲ. ಒಮ್ಮೆ ನಾವೇ ಆ ಊರಿಗೆ ಹೋಗಿ ಬಂದಾಗಲೂ ಮಲ್ಲಯ್ಯನ ದರ್ಶನ ಆತು ಎಂದೇ ಎಲ್ಲರಿಗೂ ಹೇಳಿದ್ದಳು. ಹೆಸರಿನಿಂದ ಕರಿ ಎಂದಿದ್ದೆ, ಹೂಂ ಎಂದಿದ್ದಳು, ಕೆಲಸ ಮುಗಿಯಿತೆಂದು ನಾನು ಆ ಕಡೆ ಮತ್ತೆ ನೋಡಿಯೇ ಇರಲಿಲ್ಲ.

ಹೆಸರು ಹೇಳಲು ದಾರಿಯೇ ಇಲ್ಲವೆಂದಲ್ಲ. ಒಡಪಿನಲ್ಲಿ ಹೇಳಬಹುದು. ಎರಡು ಸಾಲು, ಒಂದು ಪ್ರಾಸ, ಎರಡನೆಯ ಸಾಲಿನಲ್ಲಿ ಗಂಡನ ಹೆಸರು ಸಿಕ್ಕಿಸಿ ಹೇಳಿಬಿಟ್ಟರೆ ದೋಷವಿಲ್ಲ. ಮದುಮಗಳಾಗಿ ಬಂದಾಗ ಹೆಂಗಸರು ಹೊಸ್ತಿಲಿಗೆ ಅಡ್ಡ ನಿಂತಿದ್ದರು, ಒಡಪು ಹೇಳದೆ ಒಳಗೆ ಬಿಡುವುದಿಲ್ಲವೆಂದು. ಅವಳು ತಲೆ ಎತ್ತಿ ಬಾಯಿ ತೆರೆದದ್ದು ನೆನಪಿದೆ. ಅಷ್ಟರಲ್ಲಿ ನಮ್ಮ ಕಾಕಾ, "ಹೊತ್ತಾತು, ಮೊದಲ ಒಳಗ ಬಿಡ್ರಿ, ಒಡಪು ಎಲ್ಲಿ ಓಡಿ ಹೋಗ್ತೈತಿ" ಎಂದು ಗದರಿಸಿದರು. ದಾರಿ ಬಿಟ್ಟರು. ಒಳಗೆ ಬಂದೆವು. ಬಾಯಿ ತೆರೆದಿದ್ದಳು ಎಂದರೆ ಸಾಲು ಸಿದ್ಧವಿತ್ತು.

ಬಿಬಿಜಾನ ರೊಟ್ಟಿ ತಂದಾಗ ನಾನು ಇದನ್ನು ಹೇಳಲಿಲ್ಲ. ಹೇಳಿದರೆ ಇಬ್ಬರೂ ಮತ್ತೆ ನಗುತ್ತಾರೆ.

ಮಾರ್ಚ್ 10, ಮಂಗಳವಾರ

"ಇನ್ನ ಮ್ಯಾಲ ನನ್ನ ಹೆಸರ ಕೇಳಬ್ಯಾಡ್ರಿ," ಎಂದೆ ಗೀತಾಂಜಲಿಗೆ.

"ಯಾಕೆ ಸರ್? ಹತ್ತಿರದವರ ಹೆಸರೇ ನಮಗೆ ಮುಖ್ಯ."

"ಬರೂದಿಲ್ಲ ಅಂತಲ್ಲ. ಹೇಳೂದಿಲ್ಲ."

"ಮೊದಲನೇ ದಿನ ನೀವೇ ಹೇಳಿದ್ರಲ್ಲ ಸರ್, ನಿಮ್ಮನೇಲಿ ಅಂಥದ್ದೇನಿಲ್ಲ ಅಂತ."

"ನನಗ ಗೊತ್ತಿರಲಿಲ್ಲ."

ಗೀತಾಂಜಲಿ ನನ್ನನ್ನು ನೋಡಿದಳು, ಇಷ್ಟು ದಿನ ರೋಗಿಯನ್ನು ನೋಡುತ್ತಿದ್ದ ಹಾಗೆ. ಆಮೇಲೆ ಸಣ್ಣ ದನಿಯಲ್ಲಿ, "ನಮ್ಮಜ್ಜಿನೂ ಹೇಳ್ತಿರಲಿಲ್ಲ. ಏನು ಕೇಳ್ಲಿ ಹಾಗಾದ್ರೆ?"

"ಕೀಲಿ ಎಲ್ಲೈತಿ ಕೇಳ್ರಿ."

ಕೇಳಿದಳು. ನನ್ನ ಪಕ್ಕ ಕೂತಿದ್ದ ಆಕೆ ಮೇಜಿನ ಮೇಲಿನ ಚಿತ್ರಗಳನ್ನು ನೋಡಲೇ ಇಲ್ಲ. ಎಡಗೈ ಎತ್ತಿ ನನ್ನ ಅಂಗಿಯ ಜೇಬು ತೋರಿಸಿದಳು. ಮನೆಯ ಕೀಲಿ ಅಲ್ಲೇ ಇತ್ತು.

ಮಾರ್ಚ್ 13, ಶುಕ್ರವಾರ

ಆಫೀಸಿನಲ್ಲಿ ಅಮರೇಶ ಬಂದು, ಆ ನಕ್ಷೆ ಯಾವಾಗ ಕೊಡ್ತೀರಿ ಎಂದ. "ಹುನಗುಂದ ದಾಟ್ಲಿ" ಎಂದೆ. ಅವನು ತಲೆಯಾಡಿಸಿ ಹೋದ. ಬಹುಶಃ ಹುನಗುಂದದ ಕಡತವೆಂದು ತಿಳಿದಿರಬೇಕು.

ಸಂಜೆ ಸಾವಿತ್ರೆವ್ವನವರಿಗೆ ಬರಬೇಡಿ ಎನ್ನಲು ಫೋನು ಕೈಗೆತ್ತಿಕೊಂಡೆ. ಲೆಕ್ಕ ಸರಳವಿತ್ತು. ಗುರುತಿದೆ, ಆದ್ದರಿಂದ ಇಲ್ಲೇ ಇರಬೇಕು. ಆದರೂ ಮೊದಲು ಆಕೆಯನ್ನು ಕೇಳೋಣವೆನಿಸಿತು. "ಇಲಕಲ್ಲಿಗೆ ಹೋಗಬೇಕಂತಿಯೇನು?"

ಮುಖ ಅರಳಿತು. "ಅವ್ವ. ತೊಟ್ಟಲ." ಬಲಗೈಯನ್ನು ಎಡಗೈಯಿಂದ ಹಿಡಿದು ತೂಗಿ ತೋರಿಸಿದಳು.

ನನ್ನ ಗುರುತಿದ್ದೂ ಹೋಗಬೇಕೆನಿಸಬಹುದು ಎಂಬುದು ನನಗೆ ಹೊಳೆದಿರಲಿಲ್ಲ. ಫೋನು ಮೇಜಿನ ಮೇಲಿಟ್ಟೆ.

ಮಾರ್ಚ್ 19, ಗುರುವಾರ

ಉಗಾದಿ. ಬೇವು ಬೆಲ್ಲ ನಾನೇ ಮಾಡಿದೆ. ಬೇವು ಹೆಚ್ಚಾಯಿತು. ಅಂದರೆ ನಿಜವಾಗಿಯೇ ಹೆಚ್ಚಾಯಿತು. ಆಕೆ ಮುಖ ಕಿವುಚಿ "ಬ್ಯಾಡ" ಎಂದಳು, ಆಮೇಲೆ ಬಟ್ಟಲು ಖಾಲಿ ಮಾಡಿದಳು.

ಮಾರ್ಚ್ 22, ಭಾನುವಾರ

ಸಾವಿತ್ರೆವ್ವ ಬಂದರು. ಮಗಳ ಕೆನ್ನೆ ಹಿಡಿದು ಬಹಳ ಹೊತ್ತು ನಿಂತರು, ಆಮೇಲೆ ನನ್ನ ಕಡೆ ತಿರುಗಿ, "ರೊಟ್ಟಿ ತಿಂದ್ರೇನು?" ಎಂದರು. ಎರಡು ತಿಂದೆ ಎಂದೆ. ಈ ಸಲ ಯಾಕೋ ಎಷ್ಟು ತಿಂದೆ ಎಂದೂ ಹೇಳಬೇಕೆನಿಸಿತು.

ಉಡಿ ತುಂಬದೆ ಕಳಿಸಬಾರದು. ಗಂಡನಿಲ್ಲದ ತಾವು ತುಂಬುವ ಹಾಗಿಲ್ಲ, ನನ್ನ ತಾಯಿ ಇಲ್ಲ. "ನೀನ ತುಂಬ ನಮ್ಮವ್ವಾ," ಎಂದು ಬಿಬಿಜಾನಳನ್ನು ಕರೆದರು. ನಿನ್ನೆಯಷ್ಟೇ ಹಬ್ಬ ಮಾಡಿದ ಮೆಹಂದಿಯ ಕೈಯಿಂದ ಬಿಬಿಜಾನ ಅಕ್ಕಿ, ಕೊಬ್ಬರಿ, ಒಂದು ಖಣ ಉಡಿಗೆ ಹಾಕಿದಳು.

"ಹೆಸರ ಹೇಳಿಸ್ರಿ ಈಗ," ಎಂದು ಬಿಬಿಜಾನ ಕಣ್ಣು ಮಿಟುಕಿಸಿದಳು.

"ಸುಮ್ನಿರ, ಪಾಪ," ಎಂದರು ಸಾವಿತ್ರೆವ್ವ.

ಉಡಿ ತುಂಬಿಸಿಕೊಂಡು ಹೋಗುವವಳು ಒಂದು ಹಿಡಿ ಅಕ್ಕಿ ಮನೆಯಲ್ಲಿ ಬಿಟ್ಟು ಹೋಗಬೇಕು, ಮನೆ ಬರಿದಾಗಬಾರದೆಂದು. ಆಕೆ ಎಡಗೈ ಚಾಚಿದವಳು ನಿಲ್ಲಿಸಿದಳು. ಬಲಗೈಯನ್ನೇ ಎತ್ತಿದಳು. ಬೆರಳುಗಳು ಮಡಚಲು ಸಮಯ ಹಿಡಿಯಿತು. ನಾನು ಹಿಡಿದ ತಟ್ಟೆಗೆ ಬಂದದ್ದು ಅರ್ಧ, ಉಳಿದದ್ದು ನನ್ನ ಪಾದದ ಮೇಲೆ ಚೆಲ್ಲಿತು.

ಗಾಡಿಯಲ್ಲಿ ಕೂರಿಸಿದೆ. "ಹೋಗ್ತಿ?" ಎಂದೆ, ಬಾಯಿ ತಪ್ಪಿ.

"ಬರ್ತೇನಿ," ಎಂದಳು.

ಹನ್ನೆರಡರ ಸುಮಾರಿಗೆ ಸಾವಿತ್ರೆವ್ವ ಫೋನು ಮಾಡಿದರು. ಗಾಳಿಯ ಸದ್ದು, ಹಿಂದೆ ರಮಜಾನನ ಮಾತು. "ಅಳಿಯಂದ್ರ, ಹುನಗುಂದ ದಾಟಿದ್ವಿ ನೋಡ್ರಿ. ಇಕಿ ಒಂದ ಸಮನ ನಗಾಕತ್ತಾಳ, ರೊಟ್ಟಿ ಗಂಟ ಬಿಚ್ಚು ಅಂತ ಕೈ ಮಾಡಾಕತ್ತಾಳ."

ನೆಲದ ಮೇಲಿನ ಅಕ್ಕಿ ಗುಡಿಸಲಿಲ್ಲ. ನಾಳೆ ನೋಡೋಣ.

ಮಾರ್ಚ್ 30, ಸೋಮವಾರ

ಜೋಳದ ಹಿಟ್ಟು ಹೆಚ್ಚಾಗಿದೆ, ಗಿರಣಿಗೆ ಹೋಗಬೇಕು. ಚಹಾಪುಡಿಯೂ ಹೆಚ್ಚಾಗಿದೆ.

ಮನೆ ಸದ್ದಿಲ್ಲ. ಇಷ್ಟು ವರ್ಷ ಈ ನಿಶ್ಶಬ್ದವನ್ನು ನಾನು ಬೇಡುತ್ತಿದ್ದೆ. ಕೂತು ಒಂದು ಒಡಪು ಕಟ್ಟಲು ನೋಡಿದೆ, ಗಂಡಸರೂ ಹೇಳುವುದುಂಟು. ಸುಲಭ, ಆಕೆಯ ಹೆಸರಿಗೆ ಬೇಕಾದಷ್ಟು ಪ್ರಾಸ ಸಿಗುತ್ತವೆ. ಮೊದಲ ಸಾಲು ಬಂತು. ಎರಡನೆಯದೂ ಬಂತು. ಹೆಸರು ಬರೆಯುವ ಜಾಗದಲ್ಲಿ ಪೆನ್ನು ನಿಂತಿತು. ಮಸಿ ಒಣಗಿದೆಯೋ ಎಂದು ಬೇರೆ ಕಾಗದದ ಮೇಲೆ ಗೀಚಿ ನೋಡಿದೆ. ಒಣಗಿರಲಿಲ್ಲ.

ಏಪ್ರಿಲ್ 6, ಸೋಮವಾರ

ನಿನ್ನೆ ತೊಟ್ಟಿಲಿನ ಕಾರ್ಯ ಮುಗಿಯಿತಂತೆ. ನನಗೆ ಸಣ್ಣ ಜ್ವರ, ಹೋಗಲಾಗಲಿಲ್ಲ. ಬೆಳಿಗ್ಗೆ ಸಾವಿತ್ರೆವ್ವನವರ ಫೋನು. ಇವತ್ತು ರೊಟ್ಟಿಯ ಪ್ರಶ್ನೆಯೇ ಬರಲಿಲ್ಲ. ಅದರಿಂದಲೇ ಗಾಬರಿಯಾಯಿತು.

"ಹೇಳಿದ್ಲರಿ! ಹೆಸರ ಹೇಳಿದ್ಲು!"

ಕೂಸಿಗೆ ಹೆಸರಿಟ್ಟು ಹಾಡಿದ ಮೇಲೆ ಹೆಂಗಸರೆಲ್ಲ ಸುತ್ತ ಕೂತು ಒಬ್ಬೊಬ್ಬರಿಂದ ಒಡಪು ಹೇಳಿಸಿದರಂತೆ. ಸಂಗಮೇಶನ ಹೆಂಡತಿ ಬಸವೇಶ್ವರಿ ಹೇಳಿದಳಂತೆ. ಅದನ್ನು ಅತ್ತೆ ಫೋನಿನಲ್ಲೇ ರಾಗವಾಗಿ ಒಪ್ಪಿಸಿದರು: "ಇಲಕಲ್ಲ ಸೀರಿಗೆ ಕೆಂಪನ್ನ ಸೆರಗ, ಸಂಗಮೇಶ ಅವರಿಂದ ಮನಿಗೆಲ್ಲ ಮೆರಗ." ಸರದಿ ನನ್ನಾಕೆಯ ಹತ್ತಿರ ಬಂದಾಗ, ಪಾಪ ಎಂದು ಬಿಟ್ಟು ಮುಂದಿನವಳನ್ನು ಕೇಳಿದರಂತೆ.

"ನೆಲಾ ಬಡದ್ಲರಿ, ಎಡಗೈಲೆ! ನನ್ನ ಯಾಕ ಬಿಟ್ರಿ ಅನ್ನೂ ಹಂಗ. ಎಲ್ಲಾರೂ ಗಪ್ಪಾದ್ರು. ಸೆರಗ ಸರಿಮಾಡ್ಕೊಂಡ್ಲು, ಕಣ್ಣ ಮುಚ್ಚಿದ್ಲು, ಒಂದ ಉಸರಿನ್ಯಾಗ ಎರಡೂ ಸಾಲ ಅಂದ್ಬಿಟ್ಲು. ಎಲ್ಲೀ ತಡಿಲಿಲ್ಲ. ಶ್ರೀಶೈಲ ಅಂತ ಸ್ವಚ್ಛ ಬಂತ ನೋಡ್ರಿ. ಎಲ್ಲಾರೂ ಚಪ್ಪಾಳಿ ಹೊಡದ್ವಿ, ಕೂಸು ಅಂಜಿ ಅಳಾಕ ಹತ್ತಿತು."

ಪೆನ್ನು, ಕಾಗದ ಹತ್ತಿರ ಎಳೆದುಕೊಂಡೆ. ಆಮೇಲೆ ಕೇಳಿದೆ: "ಮೊದಲನೇ ಸಾಲು ಏನಂದ್ಲು?"

"ಯಾವ ಸಾಲ?"

"ಹೆಸರಕಿಂತ ಮೊದಲು."

"ಅದಽ... ಏನೋ ಛಲೋ ಇತ್ತರಿ. ಪ್ರಾಸ ಭಾಳ ಛಂದ ಕೂಡಿತ್ತು. ಆ ಗದ್ದಲದಾಗ ಯಾರ ನೆನಪಿಟ್ಗೊಂತಾರ? ನಾವೆಲ್ಲ ಹೆಸರಿಗೇ ಕಿವಿ ಕೊಟ್ಟ ಕುಂತಿದ್ವಿ. ಬಸವೇಶ್ವರಿ, ಏನಂದ್ಲ ನಿಮ್ಮ ನಾದಿನಿ?" ಆ ಕಡೆ ಒಬ್ಬಳು ಹೊಲ ಎಂದಳು, ಇನ್ನೊಬ್ಬಳು ಅಲ್ಲ, ಹೊಳಿ ಎಂದಳು, ಮತ್ತೊಬ್ಬಳು ಅವೆರಡೂ ಅಲ್ಲ ಎಂದಳು. ಜಗಳವಾಯಿತು.

"ಆಕೀಗೆ ಕೊಡ್ರಿ," ಎಂದೆ.

ಉಸಿರು ಕೇಳಿತು. ಫೋನನ್ನು ಎಡಗಿವಿಗೆ ಹಿಡಿದುಕೊಂಡಿರಬೇಕು. ಕೇಳಿದೆ. ಇನ್ನೊಮ್ಮೆ ಹೇಳು, ಬರೀ ಮೊದಲಿನ ಸಾಲು ಸಾಕು ಎಂದೆ. ಆ ಕಡೆಯಿಂದ ನಗೆ, ಆಮೇಲೆ ಬಿಡಿಬಿಡಿಯಾಗಿ:

"ಹುನಗುಂದ... ದಾಟ್ಲಿ."

ಉಗಾದಿಯ ಮಾವಿನ ತೋರಣ ಒಣಗಿ ಬಾಗಿಲಿನಲ್ಲೇ ಇದೆ. ಮದುವೆಯ ದಿನ ಆಕೆ ಬಾಯಿ ತೆರೆದು ನಿಂತಿದ್ದದ್ದು ಅದರ ಕೆಳಗಿನ ಈ ಹೊಸ್ತಿಲಲ್ಲಿ ಅಲ್ಲ, ಮುಳುಗಿದ ಹಳೆಯ ಮನೆಯ ಹೊಸ್ತಿಲಲ್ಲಿ. ಇಷ್ಟು ವರ್ಷ ಆ ಸಾಲನ್ನು ಎಲ್ಲಿ ಇಟ್ಟುಕೊಂಡಿದ್ದಳೋ. ಎಲ್ಲ ಹೋದಾಗಲೂ ಹೋಗದ ಜಾಗದಲ್ಲಿ. ಹೊಲವೋ, ಹೊಳೆಯೋ, ಬೇರೆ ಏನೋ. ಗಿರಣಿಯಿಂದ ಹಿಟ್ಟು ತಂದಿದ್ದೇನೆ. ಶನಿವಾರ ಇಲಕಲ್ಲಿಗೆ ಹೋಗಲು ರಮಜಾನನ ಗಾಡಿಗೆ ಹೇಳಿದ್ದೇನೆ. ಅಲ್ಲಿಯವರೆಗೆ ಇನ್ನೂ ನಾನು ಬಾಗಲಕೋಟೆಯಲ್ಲೇ.

ಇಲ್ನೋಡ್ರಿ, ನನ್ನ ಹೆಸರಿಗಿಂತ ಮೊದಲು ಏನಿತ್ರಿ?